ಒಂದನೇ ನಂಬರಿನ ಚಿಪ್ಪು

ತೊಕ್ಕೊಟ್ಟು
9 ಜನವರಿ 2025

ಹೇಮಾಕ್ಷಿಯವರಿಗೆ,

ನಮಸ್ಕಾರ. ಕವರಿನ ಹಿಂದೆ ನನ್ನ ಹೆಸರು ನೋಡಿ ನೀವು ಇದನ್ನು ಒಡೆಯದೆ ಇಟ್ಟರೂ ಇಟ್ಟೀರಿ. ಹನ್ನೊಂದು ವರ್ಷದಿಂದ ಮಾತಿಲ್ಲ, ಈಗ ಕಾಗದ ಯಾಕೆ ಎಂದು ಕೇಳುವ ಹಕ್ಕು ನಿಮಗೆ ಉಂಟು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ಕಾಗದವಾದರೆ ಹರಿದು ಪುನಃ ಬರೆಯಬಹುದು. ಇದು ಮೂರನೆಯದು.

ನನಗೆ ಒಂದು ಪುಸ್ತಕ ಬೇಕು. ವಿಷಯ ಅಷ್ಟೇ.

ನಮ್ಮ ಯಜಮಾನರು ಬೊನಿಫಾಸ್ ತೀರಿಹೋಗಿ ಮೂರು ವರ್ಷ ದಾಟಿತು. ಬೋಟು ನಿಲ್ಲುವ ದಕ್ಕೆಯಲ್ಲಿ ಇಂಜಿನ್ ರಿಪೇರಿ ಮಾಡುತ್ತಾ ಅವರು ಬಲೆಯಿಂದ ಹೆಕ್ಕಿದ ಕಡಲ ಚಿಪ್ಪುಗಳು ಒಂಬತ್ತು ಬಿಸ್ಕತ್ತು ಡಬ್ಬಿ ತುಂಬ ನನ್ನ ಮಂಚದ ಅಡಿಯಲ್ಲಿ ಇವೆ. ಲೆಕ್ಕ ಮಾಡಿದೆ, ನಾನೂರ ಹನ್ನೆರಡು. ಆಸ್ಪತ್ರೆಯ ನರ್ಸ್ ಕೆಲಸ ಮುಗಿದರೂ ನಾನು ಈಗಲೂ ನಾಲ್ಕು ಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತೇನೆ, ಅದರಲ್ಲಿ ಒಂದು ಮನೆಯ ಮಗಳು ಜಾನೆಟ್. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಒಂದು ಡಬ್ಬಿ ತೋರಿಸಿದ್ದಕ್ಕೆ ಹುಡುಗಿ ನೆಲದಲ್ಲಿಯೇ ಕೂತುಬಿಟ್ಟಳು. ಅವರ ಮ್ಯೂಸಿಯಮ್ಮಿನಲ್ಲಿ ಒಂದು ಕಪಾಟು ಪೂರ್ತಿ ಬೊನಿಯ ಹೆಸರಿನಲ್ಲಿ ಇಡುತ್ತಾರಂತೆ. ಆದರೆ ಪ್ರತಿಯೊಂದಕ್ಕೂ ಹೆಸರು, ಸಿಕ್ಕಿದ ಜಾಗ, ತಾರೀಕು ಬೇಕು. "ಆಂಟಿ, ಅದು ಇಲ್ಲದಿದ್ದರೆ ಇದು ಶೋಕೇಸಿಗೆ ಮಾತ್ರ ಆಗ್ತದೆ" ಎಂದಳು. ಮೇ 31ರ ಒಳಗೆ ಕೊಡಬೇಕು.

ಪ್ರತಿ ಚಿಪ್ಪಿನ ಹೊಟ್ಟೆಯಲ್ಲಿ ಕರಿ ಶಾಯಿಯ ಸಣ್ಣ ನಂಬರು ಉಂಟು. ಆ ನಂಬರಿನ ವಿವರ ಇದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ಯಾವ ನೋಟ್‌ಬುಕ್ ಎಂದು ನಿಮಗೆ ಹೇಳಬೇಕಾಗಿಲ್ಲ. ಇಪ್ಪತ್ತೇಳು ವರ್ಷ ಬರೆದದ್ದನ್ನು ಅವರು ನಿಮ್ಮ ವಾಚನಾಲಯಕ್ಕೆ ತಂದಾಗ, ಹತ್ತು ಜನರ ಎದುರು ನೀವು "ಇದು ರೆಫರೆನ್ಸ್ ಪುಸ್ತಕ ಅಲ್ಲ" ಎಂದು ವಾಪಸು ಕೊಟ್ಟಿರಲ್ಲ, ಅದೇ. ಅವತ್ತು ಅವರು ಊಟ ಮಾಡಲಿಲ್ಲ. ಆ ಮೇಲೆ ಆ ನೋಟ್‌ಬುಕ್ ನನ್ನ ಕಣ್ಣಿಗೆ ಬೀಳಲಿಲ್ಲ. ಸುಟ್ಟರೋ, ನೇತ್ರಾವತಿಗೆ ಹಾಕಿದರೋ. ಅದನ್ನು ಕೇಳಲಿಕ್ಕೆ ನಾನು ಬರೆಯುತ್ತಿಲ್ಲ.

ಆನ್‌ಲೈನಿನಲ್ಲಿ ಒಂದು ದೊಡ್ಡ ಪುಸ್ತಕ ತರಿಸಿದೆ. ಅದು ಯಾವುದೋ ಚಳಿಯ ಕಡಲಿನದ್ದು. ನಮ್ಮ ಒಂದು ಚಿಪ್ಪೂ ಅದರಲ್ಲಿ ಇಲ್ಲ. ಯಾವ ಪುಸ್ತಕ ತೆಗೆದುಕೊಳ್ಳಬೇಕು, ಹೇಗೆ ಆರಿಸಬೇಕು, ಅದನ್ನು ಹೇಳಿದರೆ ಸಾಕು. ಈ ವಿಷಯದಲ್ಲಿ ಮಂಗಳೂರಿನಲ್ಲಿ ನಿಮ್ಮಷ್ಟು ಗೊತ್ತಿರುವವರು ಇಲ್ಲ. ಇದು ಹೊಗಳಿಕೆ ಅಲ್ಲ. ಜ್ವರ ನೂರೆರಡು ಇದ್ದರೆ ನೂರೆರಡು ಅನ್ನುವವಳು ನಾನು.

ಬರೆಯುವ ಮನಸ್ಸಿದ್ದರೆ ಬರೆಯಿರಿ,
ನೆಲ್ಲಿ ಕ್ರಾಸ್ತಾ


ಕುದ್ರೋಳಿ
21 ಜನವರಿ 2025

ನೆಲ್ಲಿಯವರಿಗೆ,

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಒಡೆದದ್ದು ಬಂದ ದಿನವೇ. ಉತ್ತರ ತಡವಾದದ್ದಕ್ಕೆ ಬೇರೆ ಕಾರಣವಿಲ್ಲ, ನಾನೂ ಹರಿಯುತ್ತಿದ್ದೆ.

ಪುಸ್ತಕದ ಹೆಸರು ಹೇಳುವ ಮೊದಲು ಆರಿಸುವ ಕ್ರಮ ಹೇಳುತ್ತೇನೆ. ಕೈಪಿಡಿ ಕೈಗೆ ಸಿಕ್ಕಿದ ಕೂಡಲೇ ಎಲ್ಲರೂ ತಮಗೆ ಗೊತ್ತಿಲ್ಲದ್ದನ್ನು ಹುಡುಕುತ್ತಾರೆ. ಅದು ತಪ್ಪು. ಗೊತ್ತಿಲ್ಲದ್ದನ್ನು ಪುಸ್ತಕ ಸರಿಯಾಗಿ ಹೇಳಿತೋ ಇಲ್ಲವೋ ಎಂದು ನಮಗೆ ತಿಳಿಯುವುದು ಹೇಗೆ? ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ತೆಗೆದು ನೋಡಿ. ಅಲ್ಲಿ ತಪ್ಪಿದ್ದರೆ ಪುಸ್ತಕ ಮುಚ್ಚಿಡಿ, ಮುಂದೆ ಓದಬೇಡಿ. ಇದನ್ನು ನನಗೆ ಕಲಿಸಿದ್ದು ಯಾವ ಲೈಬ್ರರಿ ಕೋರ್ಸೂ ಅಲ್ಲ. ಬಂದರಿನಲ್ಲಿ ಪಾರಿವಾಳ ಸಾಕುತ್ತಿದ್ದ ರವೂಫ್ ಎಂಬವರು ಇದ್ದರು. ಪಾರಿವಾಳದ ಯಾವ ಪುಸ್ತಕ ಕೊಟ್ಟರೂ ತಮ್ಮ ಮನೆಯ ಮಾಡಿನಲ್ಲಿ ಕೂರುವ ಜಾತಿಯ ಪುಟವನ್ನೇ ಮೊದಲು ತೆಗೆಯುತ್ತಿದ್ದರು. ಅರ್ಧ ನಿಮಿಷ ಓದಿ "ಇವ ಪಾರಿವಾಳ ಕಂಡವ ಅಲ್ಲ ಮೇಡಂ" ಎಂದು ಹಿಂದೆ ಕೊಡುತ್ತಿದ್ದರು. ಅವರು ಬೇಡ ಎಂದ ಪುಸ್ತಕಗಳನ್ನು ನಾನು ಕಪಾಟಿನಿಂದ ತೆಗೆದಿದ್ದೇನೆ.

ಆ ಮೇಲೆ ಮುನ್ನುಡಿ. ಇದರಲ್ಲಿ ಎಂತೆಂತ ಇಲ್ಲ ಎಂದು ಬರೆದಿದೆಯಾ ನೋಡಿ. ಎಲ್ಲವೂ ಉಂಟು ಎನ್ನುವ ಕೈಪಿಡಿಯನ್ನು ನಂಬಬೇಡಿ. ಯಾವ ಕಡಲು ಎಂಬುದನ್ನು ನೀವು ಅನುಭವದಿಂದ ಕಲಿತಾಗಿದೆ. ಚಿತ್ರದ ಪಕ್ಕ ಅಳತೆ ಇರಬೇಕು. ಕೊನೆಯಲ್ಲಿ ಅಕಾರಾದಿ ಇರಬೇಕು, ಅಂದರೆ ಯಾವ ಹೆಸರು ಯಾವ ಪುಟದಲ್ಲಿ ಎಂಬ ಪಟ್ಟಿ. ಅದು ಇಲ್ಲದ ಪುಸ್ತಕದೊಳಗೆ ಎಷ್ಟು ವಿದ್ಯೆ ಇದ್ದರೂ ಬೇಕಾದವನ ಕೈಗೆ ಸಿಗುವುದಿಲ್ಲ. ನಾನು ಇದನ್ನು ಹಟಕ್ಕೆ ಹೇಳುತ್ತಿಲ್ಲ.

ಹಿಂದೂ ಮಹಾಸಾಗರದ ಮೃದ್ವಂಗಿಗಳ ಬಗ್ಗೆ ಮೂರು ಪುಸ್ತಕಗಳ ವಿವರ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಎರಡು ಜಾನೆಟ್ ಅವರ ಕಾಲೇಜಿನಲ್ಲಿಯೇ ಇರಬಹುದು. ಕೊಂಡುಕೊಳ್ಳುವ ಮೊದಲು ಕೂತು ಪರೀಕ್ಷೆ ಮಾಡಿ.

ನೋಟ್‌ಬುಕ್ಕಿನ ವಿಷಯ ನೀವು ಕೇಳುತ್ತಿಲ್ಲ ಎಂದು ಬರೆದಿದ್ದೀರಿ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ರೆಫರೆನ್ಸ್ ವಿಭಾಗದಲ್ಲಿ ಇಲ್ಲ.

ವಂದನೆಗಳೊಂದಿಗೆ,
ಹೇಮಾಕ್ಷಿ


ತೊಕ್ಕೊಟ್ಟು
9 ಫೆಬ್ರವರಿ 2025

ಹೇಮಾಕ್ಷಿಯವರಿಗೆ,

ಪರೀಕ್ಷೆ ಮಾಡಿದೆ. ನಾನು ಪರೀಕ್ಷೆಗೆ ಆರಿಸಿದ್ದು ಖುಬೆ, ನಾವು ತಿನ್ನುವ ಚಿಪ್ಪು, ನೀವು ತುಳುವಿನಲ್ಲಿ ಮರುವಾಯಿ ಅನ್ನುವುದು. ನನಗೆ ಕಡಲಿನಲ್ಲಿ ಗೊತ್ತಿರುವುದು ಅದೊಂದೇ, ಅದೂ ತೆಂಗಿನ ತುರಿ ಹಾಕಿ ಸುಕ್ಕೆ ಮಾಡಿ ಗೊತ್ತು.

ಮೊದಲನೇ ಪುಸ್ತಕ ಖುಬೆಯನ್ನು ಅಪರೂಪ ಅನ್ನುತ್ತದೆ. ಅಪರೂಪವಂತೆ ಮಾರಾಯ್ತಿ! ಇಲ್ಲಿ ತೊಕ್ಕೊಟ್ಟು ಮಾರ್ಕೆಟಿನಲ್ಲಿ ಬುಟ್ಟಿ ಬುಟ್ಟಿ ಇಟ್ಟುಕೊಂಡು ಕರೆಯುತ್ತಾರೆ. ಮುಚ್ಚಿಟ್ಟೆ. ಎರಡನೆಯದರಲ್ಲಿ ಚಿತ್ರ ಚಂದ ಉಂಟು, ಆದರೆ ಖುಬೆಯೂ ದೇವಸ್ಥಾನದ ಶಂಖವೂ ಒಂದೇ ಗಾತ್ರ. ಅದನ್ನೂ ಮುಚ್ಚಿದೆ. ಮೂರನೆಯದು ದಪ್ಪದ್ದು, ಕಪ್ಪು ಬಿಳುಪು ಚಿತ್ರ, ನೋಡಲಿಕ್ಕೆ ಎಂತದೂ ಇಲ್ಲ. ಖುಬೆಯ ಪುಟ ತೆಗೆದೆ. ಎಲ್ಲಿ ಸಿಗುತ್ತದೆ, ಹೇಗೆ ಹೂತುಕೊಂಡು ಇರುತ್ತದೆ, ಒಳಗಿನ ಗುರುತು ಯಾವ ಆಕಾರ, ಎಲ್ಲ ಸರಿ. ಮುನ್ನುಡಿಯಲ್ಲಿ ಎರಡು ಪುಟ ಪೂರ್ತಿ ತನಗೆ ಗೊತ್ತಿಲ್ಲದ್ದನ್ನು ಬರೆದುಕೊಂಡಿದ್ದಾನೆ. ಇವ ಸತ್ಯವಂತ ಅಂತ ಜಾನೆಟ್ಟಿಗೆ ಹೇಳಿ ಮನೆಗೆ ತಂದೆ.

ಈಗ ಒಂದು ಸಂಗತಿ ಹೇಳಬೇಕು, ಬೇರೆ ಯಾರಿಗೆ ಹೇಳಿದರೂ ತಲೆ ಸರಿ ಇಲ್ಲ ಅಂದಾರು. ಬೊನಿಯ ಡಬ್ಬಿಗಳಲ್ಲಿ ಕೆಲವು ಚಿಪ್ಪುಗಳಿಗೆ ಸೂಜಿಯಲ್ಲಿ ಕೊರೆದ ಹಾಗೆ ಒಂದು ಗುಂಡಗಿನ ತೂತು ಉಂಟು. ನಾನು ಇಷ್ಟು ವರ್ಷ ಅವರೇ ತೂತು ಮಾಡಿದ್ದು, ಸರ ಮಾಡಲಿಕ್ಕೆ ಹೊರಟು ಬಿಟ್ಟದ್ದು ಎಂದು ತಿಳಿದಿದ್ದೆ. ಯಾರಿಗೆ ಸರ ಎಂದು ಒಂದೆರಡು ಸಲ ಯೋಚನೆಯೂ ಮಾಡಿದ್ದುಂಟು! ಪುಸ್ತಕದಲ್ಲಿ ನೋಡಿದರೆ ಅದು ಬೇರೆ ಒಂದು ಬಸವನಹುಳ ಕೊರೆದದ್ದು. ತೂತು ಮಾಡಿ ಒಳಗಿನದ್ದನ್ನು ತಿನ್ನುತ್ತದಂತೆ. ಕೊರೆದ ಕಳ್ಳನೂ ಅದೇ ಡಬ್ಬಿಯಲ್ಲಿ ಇದ್ದಾನೆ, ಗುಂಡಗೆ, ನುಣ್ಣಗೆ, ಏನೂ ಗೊತ್ತಿಲ್ಲದವನ ಹಾಗೆ. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದು ನಾನು ಒಮ್ಮೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಆ ಚಿಪ್ಪುಗಳ ಮೇಲೆ ನನಗೆ ಸಿಟ್ಟಿತ್ತು, ಹಾಗಾಗಿ ಕೇಳಲಿಲ್ಲ. ಹೊಟ್ಟೆಕಿಚ್ಚು ಅಂತಲೇ ಬರೆಯುತ್ತೇನೆ, ಕಾಗದ ಹರಿಯುವುದಿಲ್ಲ.

ಕಳೆದ ವಾರ ದಕ್ಕೆಗೂ ಹೋದೆ. ಬೊನಿಗೆ ಚಿಪ್ಪು ತೆಗೆದಿಡುತ್ತಿದ್ದ ಉಬೈದ್ ಬ್ಯಾರಿ ಈಗಲೂ ಬಲೆ ಹೆಣೆಯುತ್ತಾ ಕೂರುತ್ತಾರೆ. "ನಿಮ್ಮ ಯಜಮಾನರು ಮೀನು ಬಿಟ್ಟು ಕಸ ಕೇಳ್ತಿದ್ರು ಬಾಯಮ್ಮ" ಎಂದರು. ಆ ಮೇಲೆ ಒಂದೊಂದೇ ಚಿಪ್ಪು ಕೈಯಲ್ಲಿ ಹಿಡಿದು, ಇದು ಕೆಸರಿನದ್ದು, ಇದು ಕಲ್ಲಿನದ್ದು ಎಂದು ಒಂದು ಗಂಟೆ ಹೇಳಿದರು. ಇಂಥವರನ್ನು ಯಾವ ಪುಸ್ತಕದಲ್ಲಿ ಹುಡುಕುವುದು?

ಕೆಲಸವೂ ಶುರು ಮಾಡಿದ್ದೇನೆ. ಮೊದಲ ಮೂರು ಡಬ್ಬಿ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿದೆ. ನೂರ ಮೂವತ್ತೆಂಟು ಚಿಪ್ಪು. ವಾರ್ಡಿನ ಟ್ರೇಗಳನ್ನು ನಾನು ಹೇಗೆ ಇಡುತ್ತಿದ್ದೆ ಎಂದು ನಿಮಗೆ ನೆನಪಿರಬಹುದು, ಹಾಗೆ ಹೊಳೆಯುತ್ತಿವೆ. ಶಾಯಿಯ ಗೀಚು ಕೂಡ ಹೋಯಿತು. ಮೊದಲನೇ ಡಬ್ಬಿಯಲ್ಲಿ ಎಲ್ಲದಕ್ಕಿಂತ ಅಡಿಯಲ್ಲಿ, ಹತ್ತಿಯಲ್ಲಿ ಸುತ್ತಿದ ಒಂದು ಖುಬೆಯ ಚಿಪ್ಪು ಇತ್ತು. ಬರೀ ಖುಬೆ, ಅಂಚು ಬೇರೆ ಮುರಿದದ್ದು. ಅಡುಗೆಮನೆಯ ಕಸ ಹೇಗೆ ಸೇರಿತೋ. ಅದನ್ನೂ ಉಳಿದವುಗಳೊಟ್ಟಿಗೆ ತೊಳೆದಾಗಿತ್ತು, ಮಲ್ಲಿಗೆಯ ಕುಂಡಕ್ಕೆ ಹಾಕಿದೆ, ನಮ್ಮ ಖುಬೆಯ ಸಿಪ್ಪೆಯೆಲ್ಲ ಹೋಗುವುದು ಅಲ್ಲಿಗೇ.

ಕೃತಜ್ಞತೆಗಳು,
ನೆಲ್ಲಿ ಕ್ರಾಸ್ತಾ


ಕುದ್ರೋಳಿ
14 ಫೆಬ್ರವರಿ 2025

ನೆಲ್ಲಿಯವರೇ,

ತೊಳೆಯಬೇಡಿ. ಇನ್ನು ಒಂದನ್ನೂ ತೊಳೆಯಬೇಡಿ. ಯಾವುದನ್ನೂ ಎಸೆಯಬೇಡಿ. ಕುಂಡಕ್ಕೆ ಹಾಕಿದ್ದನ್ನು ದಯವಿಟ್ಟು ಹುಡುಕಿ ತೆಗೆದಿಡಿ.

ಆ ನಂಬರೇ ಚಿಪ್ಪಿನ ಬಾಯಿ. ಕೈಪಿಡಿ ನಿಮಗೆ ಜಾತಿಯ ಹೆಸರು ಹೇಳಬಹುದು, ಅದು ಯಾವತ್ತು, ಯಾವ ಬಲೆಯಲ್ಲಿ ಬಂತು ಎಂದು ಹೇಳಲಾರದು. ನೋಟ್‌ಬುಕ್ಕೇ ಇಲ್ಲದ ಮೇಲೆ ನಂಬರು ಎಂತಕ್ಕೆ ಎಂದು ಕೇಳುತ್ತೀರಿ. ಇದ್ದರೂ ಇರಬಹುದಲ್ಲ.

ಉಬೈದರಂಥವರನ್ನು ಯಾವ ಪುಸ್ತಕದಲ್ಲಿ ಹುಡುಕುವುದು ಎಂದು ಕೇಳಿದ್ದೀರಿ. ಅಂಥವರಿಗಾಗಿ ಇರುವುದು ಡೈರೆಕ್ಟರಿ. ಚಿಪ್ಪು ಸಂಗ್ರಹಿಸುವವರ ಸಂಘದವರು ಅಚ್ಚು ಮಾಡಿದ ಒಂದನ್ನು ಇದರೊಟ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. 2018ರದ್ದು. ಡೈರೆಕ್ಟರಿಯಲ್ಲಿ ಮೊದಲು ನೋಡಬೇಕಾದದ್ದು ಇಸವಿ. ಏಳು ವರ್ಷದಲ್ಲಿ ಮನೆ ಬದಲಾಗಿರುತ್ತದೆ, ಕೆಲವರು ಇರುವುದಿಲ್ಲ. ಆ ಮೇಲೆ ಕೈಪಿಡಿಗೆ ಹೇಳಿದ ನಿಯಮವೇ ಇದಕ್ಕೂ. ಮೊದಲು ಗೊತ್ತಿರುವವರ ಹೆಸರು ತೆಗೆದು ನೋಡಿ.

ಹೇಮಾಕ್ಷಿ


ತೊಕ್ಕೊಟ್ಟು
3 ಮಾರ್ಚ್ 2025

ಹೇಮಾಕ್ಷಿ,

ನೋಡಿದೆ. ಗೊತ್ತಿರುವವರ ಹೆಸರು ತೆಗೆದು ನೋಡಿದೆ. ಪುಟ ನಲವತ್ತೊಂದು.

"ಬೊನಿಫಾಸ್ ಕ್ರಾಸ್ತಾ. ಆಸಕ್ತಿ: ಟ್ರಾಲ್ ಬಲೆಯ ಸಣ್ಣ ಚಿಪ್ಪುಗಳು. ವಿಳಾಸ: ಕೇರಾಫ್ ಹೇಮಾಕ್ಷಿ, ರೆಫರೆನ್ಸ್ ವಿಭಾಗ, ವಾಚನಾಲಯ, ಕುದ್ರೋಳಿ, ಮಂಗಳೂರು."

ಕೇರಾಫ್ ಹೇಮಾಕ್ಷಿ! ನಾವು ತೊಕ್ಕೊಟ್ಟಿಗೆ ಬಂದದ್ದು 2015ರಲ್ಲಿ. 2018ರಲ್ಲಿ ಅವರಿಗೆ ಮನೆ ಇರಲಿಲ್ಲವಾ, ಹೆಂಡತಿ ಇರಲಿಲ್ಲವಾ, ನಿನ್ನ ಕೇರಾಫ್ ಬೇಕಾಯಿತಾ?

ಇಷ್ಟು ದಿನ ನೀವು ನೀವು ಎಂದು ಬರೆದೆ, ಇನ್ನು ಆಗುವುದಿಲ್ಲ. ನಿನ್ನ ಅಮ್ಮನಿಗೆ ಎರಡು ವರ್ಷ ದಿನಾ ಬೆಳಿಗ್ಗೆ ನಾನೇ ಇಂಜೆಕ್ಷನ್ ಕೊಟ್ಟದ್ದು. ಕುದ್ರೋಳಿಯಲ್ಲಿ ನಿನ್ನ ಮನೆಗೂ ನನ್ನ ಮನೆಗೂ ನಡುವೆ ಒಂದು ಗೋಡೆ ಮಾತ್ರ ಇತ್ತು, ಅದರ ಮೇಲಿಂದ ಪಾತ್ರೆ ದಾಟುತ್ತಿತ್ತು. ನನ್ನ ಗಂಡನಿಗೆ ನೀನು ಅವಮಾನ ಮಾಡಿದೆ ಎಂದು ನಾನು ನಿನ್ನ ಕೌಂಟರಿಗೆ ಬಂದು ಬೊಬ್ಬೆ ಹಾಕಿದೆ. ಅವರ ಪರವಾಗಿ ಹನ್ನೊಂದು ವರ್ಷ ನಿನ್ನ ಮುಖ ನೋಡಲಿಲ್ಲ. ಅವರೋ, ಆ ಮೇಲೂ ನಿನ್ನಲ್ಲಿಗೆ ಬರುತ್ತಿದ್ದರು. ಗುರುವಾರ ಗುರುವಾರ ಇಂಜಿನ್ ಕೆಲಸ ಜಾಸ್ತಿ ಎಂದು ತಡವಾಗಿ ಮನೆಗೆ ಬರುತ್ತಿದ್ದರು. ನಾನು ಚಾ ಬಿಸಿ ಮಾಡಿ ಕೊಡುತ್ತಿದ್ದೆ. ನಾನು ಎಂಥ ಪೆದ್ದಿ!

ಈಗ ಕೇಳುತ್ತೇನೆ, ಸರಿಯಾಗಿ ಓದು. ನೋಟ್‌ಬುಕ್ ನಿನ್ನ ಹತ್ತಿರ ಉಂಟಾ, ಇಲ್ಲವಾ? ಇದು ಪ್ರಶ್ನೆ. ಕೇಳದ ಪ್ರಶ್ನೆ ಎಂದು ಇನ್ನು ತಪ್ಪಿಸಿಕೊಳ್ಳಲಿಕ್ಕೆ ಇಲ್ಲ.

ನೆಲ್ಲಿ


ಕುದ್ರೋಳಿ
2 ಏಪ್ರಿಲ್ 2025

ನೆಲ್ಲಿ,

ಉಂಟು.

ಆ ಡೈರೆಕ್ಟರಿಯನ್ನು ನಾನು ಬೇಕೆಂದೇ ಕಳಿಸಿದ್ದು. ನನಗೆ ಬಾಯಿಂದ ಹೇಳಲಿಕ್ಕೆ ಬರುವುದಿಲ್ಲ. ಜೀವಮಾನ ಪೂರ್ತಿ ಯಾರು ಏನು ಕೇಳಿದರೂ ಇಂಥ ಪುಟ ನೋಡಿ ಎಂದು ತೋರಿಸಿದವಳು ನಾನು. ಇದಕ್ಕೂ ಪುಟ ತೋರಿಸಿದೆ. ಹೇಡಿತನವೇ. ಒಪ್ಪುತ್ತೇನೆ.

ಇನ್ನು ನಡೆದದ್ದು. 2014ರಲ್ಲಿ ನಾನು ಹೇಳಿದ ಮಾತು ತಪ್ಪಲ್ಲ, ಹೇಳಿದ ಜಾಗ ತಪ್ಪು. ಆ ನೋಟ್‌ಬುಕ್ಕಿನಲ್ಲಿ ನಾನೂರು ಚಿಪ್ಪು ಇತ್ತು, ಒಂದನ್ನು ಹುಡುಕಲಿಕ್ಕೆ ದಾರಿ ಇರಲಿಲ್ಲ. ಅದನ್ನು ನಾನು ಒಳಗೆ ಕರೆದು ಹೇಳಬೇಕಿತ್ತು. ಮರುದಿನ ನೀನು ಬಂದು ಬೈದು ಹೋದೆ. ಮೂರನೇ ವಾರ, ಒಂದು ಗುರುವಾರ, ಬೊನಿಫಾಸರು ಬಂದರು. ಕೈಯಲ್ಲಿ ಇಂಜಿನ್ನಿನ ಗ್ರೀಸು ಹಾಗೆಯೇ ಇತ್ತು. "ಅಕಾರಾದಿ ಇಲ್ಲ ಅಂದ್ರಲ್ಲ, ಅದು ಮಾಡುದು ಹೇಗೆ ಅಂತ ಹೇಳಿಕೊಡಿ" ಎಂದರು. ನನಗೆ ನಾಚಿಕೆಯಾಯಿತು, ನೆಲ್ಲಿ. ಬೈದು ಹೋಗಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಅಂದಿನಿಂದ ಏಳು ವರ್ಷ, ಗುರುವಾರ ಸಂಜೆ ಐದೂವರೆಯಿಂದ ಏಳು. ನಾನು ನಿವೃತ್ತಳಾದ ಮೇಲೆ ಕಮಿಟಿಯವರಿಂದ ಕೀ ಕೇಳಿ ಪಡೆದು ಕೂರುತ್ತಿದ್ದೆವು. ಅವರು ಓದಿ ಹೇಳುವುದು, ನಾನು ಕಾರ್ಡಿನಲ್ಲಿ ಬರೆಯುವುದು. ಒಂದೊಂದು ಹೆಸರಿಗೂ ವಾದ. ನಿನಗೆ ಹೇಳಿ ಎಂದು ನಾನು ಎಷ್ಟೋ ಸಲ ಹೇಳಿದೆ. "ಪೂರ್ತಿ ಆಗಲಿ, ಪುಸ್ತಕ ಕೈಯಲ್ಲಿ ಕೊಟ್ಟು ಹೇಳುವ. ಅರ್ಧದಲ್ಲಿ ಗೊತ್ತಾದ್ರೆ ನಿಮಗೆ ಪುನಃ ಬೈಗುಳ ಉಂಟು" ಎಂದು ನಗುತ್ತಿದ್ದರು. ಸಂಘದವರು ಕಾಗದ ಕಳಿಸಿದರೆ ನೀನು ನೋಡಬಾರದೆಂದು ನನ್ನ ವಿಳಾಸ ಕೊಟ್ಟದ್ದು. ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ. ಅವರು ಮಾತಾಡಿದ್ದು ಚಿಪ್ಪಿನ ವಿಷಯ ಮತ್ತು ನಿನ್ನ ವಿಷಯ, ಎರಡೇ.

2021ರ ನವೆಂಬರಿನಲ್ಲಿ 'ನ'ಕಾರಕ್ಕೆ ಬಂದಿದ್ದೆವು. ಅವರು ಒಂದು ಕಾರ್ಡು ತಾವೇ ಬರೆದು ತಂದಿದ್ದರು. "ನೆಲ್ಲಿ ಹೆಕ್ಕಿದ್ದು" ಎಂದು ತಲೆಬರಹ, ಅದರ ಅಡಿಯಲ್ಲಿ ನಂಬರುಗಳು. ನೀನು ಯಾವಾಗಲೋ ಹೆಕ್ಕಿ ಕೊಟ್ಟವು. ನಾನು ಆಗುವುದಿಲ್ಲ ಎಂದೆ. ಚಿಪ್ಪಿನ ಕೈಪಿಡಿಯ ಅಕಾರಾದಿಯಲ್ಲಿ ಮನೆಯವರ ಹೆಸರು ಬರುವ ಕ್ರಮ ಇಲ್ಲ, ಅದನ್ನು ನೋಡಿ ಯಾರಿಗೆ ಏನು ಉಪಯೋಗ ಎಂದು ಕೇಳಿದೆ. ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. "ಅದು ಇಲ್ಲದಿದ್ರೆ ಅಕಾರಾದಿಯೇ ಬೇಡ" ಎಂದು ಎದ್ದು ಹೋದರು. ನೋಟ್‌ಬುಕ್ಕೂ ಕಾರ್ಡಿನ ಪೆಟ್ಟಿಗೆಯೂ ಮೇಜಿನ ಮೇಲೆ ಉಳಿಯಿತು. ಮುಂದಿನ ಗುರುವಾರ ಒಪ್ಪಿಬಿಡುವ ಎಂದು ನಾನು ಅಂದುಕೊಂಡೆ. ಮಂಗಳವಾರ ಅವರು ತೀರಿಹೋದ ಸುದ್ದಿ ಬಂತು.

ಮಣ್ಣು ಮಾಡುವ ದಿನ ಇಗರ್ಜಿಯ ಗೇಟಿನ ಹತ್ತಿರ ನಾನು ನಿಂತಿದ್ದೆ. ನೀನು ನೋಡಿ ಮುಖ ತಿರುಗಿಸಿದೆ. ನೋಟ್‌ಬುಕ್ ಅವತ್ತು ನನ್ನ ಚೀಲದಲ್ಲಿತ್ತು. ನಿನ್ನ ಕೈಯಲ್ಲಿ ಕೊಡಲಿಕ್ಕೆ ತಂದಿದ್ದೆ. ಧೈರ್ಯ ಸಾಲದೆ ಹಿಂದೆ ಹೋದೆ. ಆ ಮೇಲೆ ಅರ್ಧ ಅಕಾರಾದಿಯನ್ನು ಹೇಗೆ ಕೊಡುವುದು ಎಂಬ ನೆಪ ಸಿಕ್ಕಿತು. ಪೂರ್ತಿ ಮಾಡಬೇಕೆಂದರೆ ಆ ಕಾರ್ಡು ದಾಟಬೇಕು. ಇಡಲೋ, ತೆಗೆಯಲೋ ಎಂದು ಮೂರು ವರ್ಷ ಕೂತೆ. ನಿನ್ನ ಜನವರಿಯ ಕಾಗದ ಬಂದಾಗಲೇ ಕಳಿಸಬಹುದಿತ್ತು. ಕಳಿಸಿದ್ದರೆ ಆ ಮೂರು ಡಬ್ಬಿಯ ನಂಬರು ಉಳಿಯುತ್ತಿತ್ತು. ಅದು ನನ್ನ ತಪ್ಪು, ನಿನ್ನ ಬ್ರಶ್ಶಿನದ್ದಲ್ಲ.

ಕಳೆದ ನಾಲ್ಕು ವಾರದಲ್ಲಿ 'ನ'ದಿಂದ 'ಹ'ದ ವರೆಗೆ ಮುಗಿಸಿದೆ. ನೋಟ್‌ಬುಕ್ಕನ್ನೂ ಅಕಾರಾದಿಯನ್ನೂ ಇದರೊಟ್ಟಿಗೆ ಪಾರ್ಸೆಲ್ ಮಾಡಿದ್ದೇನೆ. ಆ ಕಾರ್ಡು ಅದರ ಜಾಗದಲ್ಲಿಯೇ ಉಂಟು. ಅದು ಯಾವ ಕ್ರಮಕ್ಕೂ ಸೇರುವುದಿಲ್ಲ. ಇರಲಿ.

ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಪುಸ್ತಕ ಅದರ ಮನೆಗೆ ಬಂದರೆ ಸಾಕು.

ಹೇಮಾ


ತೊಕ್ಕೊಟ್ಟು
4 ಮೇ 2025

ಹೇಮಾ,

ಪಾರ್ಸೆಲ್ ಬಂದು ಇಪ್ಪತ್ತೇಳು ದಿನವಾಯಿತು. ಮೊದಲ ಎಂಟು ದಿನ ಒಡೆಯಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟು ಅದರ ಅಡಿಯಿಂದ ಹಾಲು ತೆಗೆಯುತ್ತಿದ್ದೆ. ನಿನ್ನ ಮೇಲೆ ಸಿಟ್ಟು, ಅವರ ಮೇಲೆ ಅದಕ್ಕಿಂತ ಹೆಚ್ಚು. ಸತ್ತವರ ಮೇಲೆ ಸಿಟ್ಟು ಮಾಡಿ ಎಂತ ಮಾಡುವುದು, ಅವರು ಹೆದರುವುದೂ ಇಲ್ಲ. ಒಂಬತ್ತನೇ ದಿನ ಕತ್ತರಿ ತಂದೆ.

ಮೊದಲು ಕೆಲಸದ ಮಾತು. ತೊಳೆಯದ ಆರು ಡಬ್ಬಿ ನಾಲ್ಕು ದಿನದಲ್ಲಿ ಮುಗಿಯಿತು. ನಂಬರು ನೋಡುವುದು, ನೋಟ್‌ಬುಕ್ ತೆಗೆಯುವುದು, ಚೀಟಿ ಬರೆಯುವುದು. ತೊಳೆದ ನೂರ ಮೂವತ್ತೆಂಟನ್ನು ಊಟದ ಮೇಜಿನ ಮೇಲೆ ಹರಡಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಒಂದರ ಹಾಗೆ ಇನ್ನೊಂದು, ಯಾವುದು ಯಾವ ನಂಬರು? ಆಗ ನಿನ್ನ ಅಕಾರಾದಿ ತೆಗೆದೆ, 'ನ'ಕಾರಕ್ಕೆ ಹೋದೆ. ಯಾರಿಗೆ ಏನು ಉಪಯೋಗ ಎಂದು ಕೇಳಿದ್ದೆಯಲ್ಲ, ಕೇಳು ಈಗ. ಆ ಕಾರ್ಡಿನಲ್ಲಿ ಐವತ್ತಮೂರು ನಂಬರು ಉಂಟು. ಹೆಚ್ಚಿನವು ಆ ಮೂರು ಡಬ್ಬಿಯವೇ. ಮೊದಮೊದಲಿಗೆ ನಾನೂ ಅವರೊಟ್ಟಿಗೆ ಹೋಗುತ್ತಿದ್ದೆ, ನನಗೇ ಮರೆತುಹೋಗಿತ್ತು. ನಂಬರು ಇಪ್ಪತ್ತೆರಡು ತೆಗೆದರೆ "ಸೋಮೇಶ್ವರ, ಬಂಡೆಯ ಬುಡ, ನೆಲ್ಲಿಯ ಚಪ್ಪಲಿ ನೀರಿಗೆ ಹೋದ ದಿನ" ಎಂದು ಬರೆದಿದ್ದಾರೆ. ಆ ಚಪ್ಪಲಿ ನನಗೆ ನೆನಪುಂಟು, ಆ ಚಿಪ್ಪೂ ನೆನಪಾಯಿತು. ಮುಳ್ಳು ಮುಳ್ಳಿನದ್ದು, ಕಾಲಿಗೆ ಚುಚ್ಚಿದ್ದಕ್ಕೆ ನಾನು ಬೈದು ಎತ್ತಿದ್ದು. ಮೇಜಿನ ಮೇಲೆ ನೋಡಿದರೆ ಮುಳ್ಳಿನದ್ದು ಮೂರು, ಒಂದರ ತುದಿ ಮಾತ್ರ ಮುರಿದಿದೆ. ನನ್ನ ಹಿಮ್ಮಡಿಯಲ್ಲಿ ಮುರಿದದ್ದು! ಹೀಗೆ ಒಂದೊಂದೇ. ಐವತ್ತಮೂರರಲ್ಲಿ ನಲವತ್ತೊಂಬತ್ತು ಗುರುತಿಸಿದೆ. ಅವುಗಳನ್ನು ಬದಿಗಿಟ್ಟ ಮೇಲೆ ಉಳಿದವುಗಳಲ್ಲಿ ಬಹಳಷ್ಟಕ್ಕೆ ನೋಟ್‌ಬುಕ್ಕಿನ ಅಳತೆ ಸಾಕಾಯಿತು. ಇನ್ನು ಮೂವತ್ತೊಂದು ಬಾಕಿ ಉಂಟು. ಜಾನೆಟ್ ಬಂದು ನೋಡಿ, ಮೇ 31ಕ್ಕೆ ಮುಗಿಯದಿದ್ದರೂ ಕಪಾಟು ಬೇರೆಯವರಿಗೆ ಕೊಡುವುದಿಲ್ಲ ಎಂದಳು. ನಾನು ಮುಗಿಸುತ್ತೇನೆ ಎಂದಿದ್ದೇನೆ.

ಆದರೆ ಇಷ್ಟನ್ನೂ ಮಾಡುವ ಮೊದಲು, ಪಾರ್ಸೆಲ್ ಒಡೆದ ದಿನವೇ, ನಾನು ನೀನು ಕಲಿಸಿದ ಪರೀಕ್ಷೆ ಮಾಡಿದ್ದೆ. ಗೊತ್ತಿರುವುದನ್ನು ಮೊದಲು ತೆಗೆದು ನೋಡು. 'ಖ'ಕಾರಕ್ಕೆ ಹೋದರೆ "ಖುಬೆ. ನೋಡಿ: ಮರುವಾಯಿ" ಎಂದು ಉಂಟು. ನನ್ನ ಗಂಡನ ಪುಸ್ತಕದಲ್ಲಿಯೂ ನಾವು ನಿಮ್ಮ ಮನೆ ಬಾಗಿಲಿಗೇ ಬರಬೇಕಾ ಮಾರಾಯ್ತಿ? ಇರಲಿ, ಹೋದೆ. "ಮರುವಾಯಿ: 1" ಎಂದಿತ್ತು. ಒಂದನೇ ನಂಬರು. ಪುಟ ತೆಗೆದೆ. ಅದನ್ನು ನೀನು ಕಾರ್ಡಿಗೆ ಇಳಿಸುವಾಗ ಓದಿಯೇ ಇರುತ್ತೀ, ಆದರೂ ಬರೆಯುತ್ತೇನೆ.

"ನಂಬರು 1. ಖುಬೆ. ಉದ್ದ 38 ಮಿ.ಮೀ. ಅಂಚು ಮೆಟ್ಟುಕತ್ತಿಗೆ ಮುರಿದಿದೆ. ಸಿಕ್ಕಿದ ಜಾಗ: ನಮ್ಮ ಅಡುಗೆಮನೆ, ಕುದ್ರೋಳಿ. ತಾರೀಕು: 22 ಫೆಬ್ರವರಿ 1987. ಹೆಕ್ಕಿದವರು: ನೆಲ್ಲಿ. ಅವಳು ನನಗೆ ಮಾಡಿದ ಮೊದಲ ಸುಕ್ಕೆ. ಉಪ್ಪು ಜಾಸ್ತಿ. ಹೇಳಲಿಲ್ಲ."

ನಾನು ಕುಂಡಕ್ಕೆ ಎಸೆದದ್ದು ಅದನ್ನು.

ನೀನು ಫೆಬ್ರವರಿಯಲ್ಲಿಯೇ ಹುಡುಕಿ ತೆಗೆ ಎಂದಿದ್ದೆ. ಖುಬೆಯ ಸಿಪ್ಪೆಗೆ ಎಂತ ಗಡಿಬಿಡಿ ಎಂದು ಬಿಟ್ಟುಬಿಟ್ಟೆ. ಈಗ ಕುಂಡವನ್ನು ಅಂಗಳದಲ್ಲಿ ಬೋರಲು ಹಾಕಿದೆ. ಅರುವತ್ತನಾಲ್ಕು ಚಿಪ್ಪು. ಎಲ್ಲದರ ಅಂಚೂ ಒಂದೇ ಕಡೆ ಮುರಿದಿದೆ, ಎಲ್ಲ ನನ್ನ ಕೈಯದ್ದೇ ಅಲ್ಲವಾ. ಸ್ಕೇಲು ಇಟ್ಟು ಅಳೆದೆ. ಮೂವತ್ತೆಂಟು ಮಿಲಿಮೀಟರಿನದ್ದು ಐದು ಉಂಟು. ಐದನ್ನೂ ತಟ್ಟೆಯಲ್ಲಿ ಇಟ್ಟಿದ್ದೇನೆ. ಒಂದು ಬೊನಿ ಮೂವತ್ತನಾಲ್ಕು ವರ್ಷ ಹತ್ತಿಯಲ್ಲಿ ಸುತ್ತಿ ಇಟ್ಟದ್ದು, ನಾಲ್ಕು ಬರೀ ಕಸ. ನಂಬರನ್ನು ನಾನೇ ತೊಳೆದಾಗಿದೆ, ಯಾವುದು ಎಂದು ನನಗೆ ಹೇಳಲಿಕ್ಕೆ ಆಗುತ್ತಿಲ್ಲ. ಅದಕ್ಕೆ ಅತ್ತೆ. ಗಂಡ ಹೋದಾಗ ಅಳಲಿಕ್ಕೆ ಬಿಡುವೇ ಇರಲಿಲ್ಲ ನನಗೆ, ಬಂದವರಿಗೆ ಚಾ ಮಾಡಿಸುತ್ತಿದ್ದೆ.

ಮೇ 15 ಗುರುವಾರ. ನಿನ್ನ ಭೂತಗನ್ನಡಿ ತೆಗೆದುಕೊಂಡು ಬಾ. ಐದೂವರೆಗೆ ಬೇಡ, ಮಧ್ಯಾಹ್ನವೇ ಬಾ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಬೇಕಾದಷ್ಟು ಬಸ್ಸು ಉಂಟು, ಸೇತುವೆಯಲ್ಲಿ ಬ್ಲಾಕ್ ಇದ್ದರೆ ಮಾತ್ರ ತಡ. ಐದರಲ್ಲಿ ಒಂದನ್ನು ಆರಿಸುವ, ಮೂವತ್ತೊಂದನ್ನು ಮುಗಿಸುವ. ಆಗದಿದ್ದರೆ ಐದಕ್ಕೂ ಒಂದನೇ ನಂಬರು ಬರೆಯುವ, ಕ್ರಮಕ್ಕೆ ಸೇರದಿದ್ದರೆ ಇರಲಿ. ಊಟಕ್ಕೆ ಖುಬೆ ಸುಕ್ಕೆ ಮಾಡುತ್ತೇನೆ. ಹೇಗಿದೆ ಎಂದು ಬಾಯಿ ಬಿಟ್ಟು ಹೇಳಬೇಕು, ಪುಟ ತೋರಿಸಲಿಕ್ಕೆ ಇಲ್ಲ.

ಇನ್ನು ನಿನ್ನ ಪರೀಕ್ಷೆಯ ಫಲಿತಾಂಶ. ಅವತ್ತು ಉಪ್ಪು ಎರಡು ಸಲ ಬಿದ್ದಿತ್ತು. ಹೊಸ ಮದುಮಗಳು, ಹಾಕಿದ್ದನ್ನು ಮರೆತು ಪುನಃ ಹಾಕಿದ್ದೆ. ಬಾಣಲೆಯಿಂದ ತೆಗೆಯುವಾಗಲೇ ಗೊತ್ತಾಗಿತ್ತು. ಅವರು ಎರಡನೇ ಸಲ ಹಾಕಿಸಿಕೊಂಡು ತಿಂದದ್ದಕ್ಕೆ ಗೊತ್ತಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡು, ನಾನೂ ಹೇಳಲಿಲ್ಲ. ಇದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿರುವ ವಿಷಯ ಎಂದು ಇಷ್ಟು ವರ್ಷ ತಿಳಿದಿದ್ದೆ.

ಪುಸ್ತಕ ಸರಿ ಉಂಟು ಹೇಮಾ. ನಂಬಬಹುದು.

ದಾರಿ ನೋಡುತ್ತಿರುತ್ತೇನೆ,
ನೆಲ್ಲಿ